ಮಾಮೂನ ಯಂತ್ರಕ್ಕೆ ಅರ್ಧ ಪಾಲು

ಸಲೀಮನಿಗೆ ‘ಇಲ್ಲ’ ಎನ್ನಲು ಬರುವುದಿಲ್ಲ. ಮಾತು ಬಾರದವನೇನೂ ಅಲ್ಲ. ಕನ್ನಡ, ಮರಾಠಿ, ದಖನಿ ಮೂರರಲ್ಲೂ ಗಂಟೆಗಟ್ಟಲೆ ಹರಟುತ್ತಾನೆ, ಆದರೆ ಮೂರರಲ್ಲೂ ಕೊನೆಗೆ ‘ಹೂಂ’ ಎನ್ನುತ್ತಾನೆ. ಒಮ್ಮೆ ಜತ್ತದ ಕಟಿಂಗ್ ಅಂಗಡಿಯವನು ಮಾತಿಗೆ ಮಾತು ಎಂಬಂತೆ “ಮೀಸಿ ತಗೀಲೇನ್ರಿ?” ಎಂದು ಕೇಳಿದ. ಪಾಪ, ಕತ್ತಿ ಹಿಡಿದು ನಿಂತವನ ಮನಸ್ಸು ಯಾಕೆ ನೋಯಿಸಬೇಕು ಎಂದು ಇವನು ಹೂಂ ಎಂದ. ಮನೆಗೆ ಹೋದರೆ ಹೆಂಡತಿ ಆರಜೂ ಬಾಗಿಲಲ್ಲೇ ತಡೆದು, “ಯಾರ್ ಬೇಕಾಗಿತ್ರಿ?” ಎಂದು ಕೇಳಿದಳಂತೆ.

ಯಳವಿ ಊರಿನ ಒಂದು ಮದುವೆಯಲ್ಲಿ ಮೂರು ಪಂಗತಿಗೂ ಕೂತು ಉಂಡ ಪುಣ್ಯಾತ್ಮ ಇವನು. ಹಸಿವಿಗಲ್ಲ. ಒಂದೊಂದು ಪಂಗತಿಗೂ ಒಬ್ಬೊಬ್ಬರು “ಬಾ ಸಲೀಮಾ, ಕುಂದ್ರು” ಎಂದರು, ಇವನು ಕೂತ. ಮರುದಿನ ಹೊಟ್ಟೆ ಹಿಡಿದುಕೊಂಡು ಮನೆಯಲ್ಲೇ ಬಿದ್ದಿದ್ದ. ಮುಲಾಜು ಯಾರಿಗೆ ಇರುವುದಿಲ್ಲ? ನನಗೂ ಸ್ವಲ್ಪ ಇದೆ. ಸಲೀಮನಿಗೆ ಮಾತ್ರ ಅದು ಜ್ವರದ ಹಾಗೆ ಮೈಗೆ ಹತ್ತಿದೆ.

ನಾನು ದಾಕ್ಷಾಯಣಿ. ಗಡಿ ಊರು ಜತ್ತದಲ್ಲಿ ನನ್ನ ಅಣ್ಣ ಗುರಪ್ಪನ ಕಿರಾಣಿ ಅಂಗಡಿ ಇದೆ. ಅದರ ಮಾಳಿಗೆಯ ಮೇಲೆ ನಮ್ಮ ಆಫೀಸು. ಅಲ್ಲಿ ಫೋನು ಎತ್ತುವವಳು ನಾನು, ಗಿರಾಕಿಗಳ ಬೈಗುಳ ತಿನ್ನುವವಳೂ ನಾನೇ. ನನ್ನ ಬಾಯಿ ಜೋರು ಎಂದು ಊರೆಲ್ಲ ಹೇಳುತ್ತದೆ. ಇರಲಿ, ಸಲೀಮನಂಥವರ ಪಕ್ಕದಲ್ಲಿ ನನ್ನಂಥವಳು ಒಬ್ಬಳು ಕೂತಿರಲೇಬೇಕು. ಇಲ್ಲದಿದ್ದರೆ ಅವನನ್ನು ಯಾರಾದರೂ ಮಾರಿಬಿಟ್ಟಾರು, ಅದಕ್ಕೂ ಅವನು ಹೂಂ ಎಂದಾನು.

ನಮ್ಮದು ಒಣದ್ರಾಕ್ಷಿ ವ್ಯಾಪಾರ. ಇಲ್ಲಿ ಎಲ್ಲರೂ ಅದನ್ನು ಬೇದಾಣಾ ಎನ್ನುತ್ತಾರೆ. ಸೊರಡಿಯ ಅಪ್ಪಾಸಾಹೇಬರಿಗೆ ದ್ರಾಕ್ಷಿ ತೋಟವಿದೆ, ಒಣಗಿಸುವ ಶೆಡ್ಡೂ ಇದೆ. ಡಬ್ಬಿ ಕಟ್ಟಿ ಕಳಿಸುವ ಕೆಲಸ ಅಣ್ಣನದು. ಮೂರನೆಯ ಪಾಲುದಾರರು ಶೇಗಾಂವದ ಕಾಸೀಂಸಾಬರು. ಮುಂಬಯಿಯಿಂದ ಹೈದರಾಬಾದಿನವರೆಗೆ ಅವರ ಗುರುತಿನ ವ್ಯಾಪಾರಿಗಳು ಇದ್ದಾರೆ. ಊರಲ್ಲಿ ಅವರದು ದನಗಳ ಹಿಂಡಿ, ಬೂಸಾದ ಅಂಗಡಿ. ಈ ಮೂವರೂ ಕೂಡಿ, ದಲಾಲರ ಕೈ ತಪ್ಪಿಸಿ, ಇಂಟರ್ನೆಟ್ಟಿನಲ್ಲಿ ನೇರ ಮನೆಮನೆಗೆ ಬೇದಾಣಾ ಮಾರುವ ಒಂದು ವೆಬ್‌ಸೈಟು ತೆರೆದರು. ಅದನ್ನು ನಡೆಸುವವನು ಸಲೀಮ.

ಸಲೀಮ ಕಾಸೀಂಸಾಬರ ಅಕ್ಕನ ಮಗ. ಅಪ್ಪ ಬೇಗ ತೀರಿಕೊಂಡದ್ದರಿಂದ ಮಾಮೂನ ಮನೆಯಲ್ಲೇ ಬೆಳೆದವನು. ಡಿಪ್ಲೊಮಾ ಮುಗಿಸಿ ಪುಣೆಗೆ ಹೋಗಿ, ಕಂಪ್ಯೂಟರುಗಳನ್ನು ರಾತ್ರಿ ಪಾಳಿಯಲ್ಲಿ ಕಾಯುವ ಕೆಲಸಕ್ಕೆ ಸೇರಿದ್ದ. ಮಗಳು ಫಿರದೋಸ ಹುಟ್ಟಿದಾಗ ಅಲ್ಲಿದ್ದ, ಅವಳು ನಡೆಯಲು ಕಲಿತಾಗಲೂ ಅಲ್ಲೇ ಇದ್ದ. ಒಂದು ಹಬ್ಬಕ್ಕೆ ಊರಿಗೆ ಬಂದಾಗ ಆ ಕೂಸು ಇವನನ್ನು ನೋಡಿ ಅವ್ವನ ಹಿಂದೆ ಅಡಗಿಕೊಂಡು “ಅಮ್ಮೀ, ಕಾಕಾ ಬಂದಾರ” ಎಂದಿತು. ಸಲೀಮ ನಕ್ಕ. ಆಮೇಲೆ ಹಿತ್ತಲಿಗೆ ಹೋಗಿ ಅತ್ತ. ಅದನ್ನು ನೋಡಿದ ಕಾಸೀಂಸಾಬರು, “ಸಲೀಮಗ ಕೆಲಸ ಕೊಡೂದಾದ್ರ ನಾನೂ ಪಾಲು ಹಾಕ್ತೀನ್ರಿ” ಎಂದು ನಮ್ಮ ಅಣ್ಣನಿಗೆ ಹೇಳಿ ಅವನನ್ನು ಊರಿಗೆ ಕರೆತಂದರು. ಆದ್ದರಿಂದ ಈ ಕೆಲಸ ಹೋದರೆ ಸಲೀಮನಿಗೆ ಮತ್ತೆ ಪುಣೆ, ಮತ್ತೆ ರಾತ್ರಿ ಪಾಳಿ, ಮಗಳ ಬಾಯಲ್ಲಿ ಮತ್ತೆ ಕಾಕಾ.

ಈಗ ಯಂತ್ರಗಳ ಕಥೆಗೆ ಬರುತ್ತೇನೆ. ವೆಬ್‌ಸೈಟು ನಡೆಯಲು ಸರ್ವರು ಎಂಬ ದೊಡ್ಡ ಕಂಪ್ಯೂಟರು ಬೇಕು. ಒಂದನ್ನು ತಂದು ಆಫೀಸಿನಲ್ಲಿ ಇಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಒಬ್ಬರ ಬಳಿ ಇದ್ದರೆ ಉಳಿದಿಬ್ಬರ ಮರ್ಯಾದೆ ಏನಾಗಬೇಕು? ಅದಕ್ಕೆ ಮೂವರೂ ಒಂದೊಂದು ತಂದು ತಮ್ಮ ತಮ್ಮ ಜಾಗದಲ್ಲಿ ಇಟ್ಟುಕೊಂಡರು. ಅಪ್ಪಾಸಾಹೇಬರು ಹೊಚ್ಚಹೊಸದು ತಂದು ಸೊರಡಿಯ ಮನೆಯ ಪಡಸಾಲೆಯಲ್ಲಿ ಇಟ್ಟರು. ಅಣ್ಣನದು ನಮ್ಮ ಮಾಳಿಗೆಯ ಮೇಲಿದೆ, ಹೊಸದೂ ಅಲ್ಲ, ಹಳೆಯದೂ ಅಲ್ಲ. ಕಾಸೀಂಸಾಬರು ಯಾರೋ ಗುರುತಿನವರಿಂದ ಹಳೆಯದೊಂದನ್ನು ತಂದು ಹಿಂಡಿ ಚೀಲಗಳ ನಡುವೆ ಕೂರಿಸಿದರು. ಅದು ಚಾಲೂ ಆದರೆ ಹಿಟ್ಟಿನ ಗಿರಣಿಯ ಪಕ್ಕದಲ್ಲಿ ನಿಂತಂತೆ ಇರುತ್ತದೆ.

ಉದ್ಘಾಟನೆಯ ದಿನ ಮೂರೂ ಯಂತ್ರಗಳಿಗೆ ಸತ್ಕಾರ ಆಯಿತು, ಸುಳ್ಳಲ್ಲ! ಹಾರ, ತೆಂಗಿನಕಾಯಿ, ಶಾಲು ಎಲ್ಲ ಇದ್ದವು. ಅಷ್ಟು ಸಾಲದೆಂದು ಅಪ್ಪಾಸಾಹೇಬರು ತಮ್ಮ ಯಂತ್ರಕ್ಕೆ ಕೇಸರಿ ಬಣ್ಣದ ಫೇಟಾ ಸುತ್ತಿಸಿದರು. ಗಾಳಿ ಹೋಗುವ ದಾರಿಯೆಲ್ಲ ಮುಚ್ಚಿ ಯಂತ್ರ ಕಾದು ಕೆಂಡವಾಗಿ ಅರ್ಧ ಗಂಟೆಯಲ್ಲಿ ಬಂದ್ ಬಿತ್ತು. “ಸಾಹೇಬ್ರ, ಫೇಟಾ ತಗೀರಿ” ಎಂದು ಹೇಳಬೇಕಾದವನು ಸಲೀಮ. ಅವನು ಏನು ಮಾಡಿದ ಗೊತ್ತೇ? ಪಕ್ಕದಲ್ಲಿ ನಿಂತು ರಟ್ಟಿನಿಂದ ಗಾಳಿ ಹಾಕಿದ.

ಇನ್ನು ಮೂರು ಕಡೆ ಮೂರು ಯಂತ್ರ ಇದ್ದ ಮೇಲೆ, ಬಂದ ಗಿರಾಕಿಯನ್ನು ಯಾವುದಕ್ಕೆ ಕಳಿಸಬೇಕು ಎಂದು ತೀರ್ಮಾನಿಸಲು ಒಬ್ಬರು ಬೇಕಲ್ಲ. ಅದಕ್ಕೆ ಬಾಗಿಲು ಕಾಯುವ ಒಂದು ಪ್ರೋಗ್ರಾಮು ಇದೆ, ಲೋಡ್ ಬ್ಯಾಲೆನ್ಸರು ಎನ್ನುತ್ತಾರೆ. ಮದುವೆ ಮಂಟಪದ ಬಾಗಿಲಲ್ಲಿ ನಿಂತು, ನೀವು ಆ ಪಂಗತಿಗೆ ಹೋಗಿ, ನೀವು ಈ ಪಂಗತಿಗೆ ಬನ್ನಿ ಎಂದು ಹೇಳುವವರು ಇರುತ್ತಾರಲ್ಲ, ಅದೇ ಕೆಲಸ. ಯಾವ ಯಂತ್ರಕ್ಕೆ ಎಷ್ಟು ಪಾಲು ಗಿರಾಕಿ ಎಂದು ಅದಕ್ಕೆ ಮೊದಲೇ ಹೇಳಿ ಇಡಬೇಕು. ಗಟ್ಟಿ ಯಂತ್ರಕ್ಕೆ ಹೆಚ್ಚು, ಬಡ ಯಂತ್ರಕ್ಕೆ ಕಡಿಮೆ. ನಡುವೆ ಬದಲಿಸಬೇಕಾದರೆ ಅಂಗಡಿ ಮುಚ್ಚುವ ಗರಜು ಇಲ್ಲ. ಎಪಿಐ ಎಂದು ಸಲೀಮ ಕರೆಯುವ ಒಂದು ಹಿಂಬಾಗಿಲು ಇದೆ, ಅದರಲ್ಲಿ ಒಂದು ಸಾಲಿನ ಹುಕುಂ ಕಳಿಸಿದರೆ ಸಾಕು. ಬಾಗಿಲು ಕಾಯುವವನು ಆ ಗಳಿಗೆಯಿಂದಲೇ ಹೊಸ ಲೆಕ್ಕದಂತೆ ಗಿರಾಕಿಗಳನ್ನು ಹಂಚುತ್ತಾನೆ, ಒಳಗೆ ಕೂತವರಿಗೆ ಗೊತ್ತೂ ಆಗುವುದಿಲ್ಲ.

ಇಷ್ಟು ಸುಲಭದ ಕೆಲಸ. ನಮ್ಮ ಸಲೀಮ ಅದನ್ನು ಹೇಗೆ ಮಾಡಿದ ಎಂದರೆ, ಪಾಲನ್ನು ಯಂತ್ರ ನೋಡಿ ಇಡಲಿಲ್ಲ, ಯಂತ್ರದ ಯಜಮಾನರ ವಯಸ್ಸು ನೋಡಿ ಇಟ್ಟ! ಹಿರಿಯರು ಕಾಸೀಂಸಾಬರು, ಆದ್ದರಿಂದ ಅವರ ಮುದಿ ಯಂತ್ರಕ್ಕೆ ನೂರರಲ್ಲಿ ಐವತ್ತು. ಆಮೇಲೆ ಅಣ್ಣ ಗುರಪ್ಪ, ಮೂವತ್ತು. ಅಪ್ಪಾಸಾಹೇಬರು ವಯಸ್ಸಿನಲ್ಲಿ ಕಿರಿಯರು, ಅವರ ಹೊಸ ಯಂತ್ರಕ್ಕೆ ಇಪ್ಪತ್ತು. ನಾನು ಕೇಳಿದೆ, “ಏನೋ ಇದು, ತಲಿ ಕೆಟ್ಟೈತೇನು?”

“ಹಂಗಲ್ರಿ ಅಕ್ಕಾರ,” ಎಂದ. “ಮಾಮೂಗ ಕಮ್ಮಿ ಇಟ್ರ ಚಲೋ ಕಾಣೂದಿಲ್ಲ. ಮೊದಲಿನ ಮಾನ ಹಿರ್ಯಾರದು.”

“ಮಾನ ನಿಮ್ಮ ಮಾಮೂಂದು ಖರೆ. ಮಷೀನಿಂದು ಏನು ಮಾನ?”

“ಮಷೀನೂ ಮಾಮೂಂದ ಐತಲ್ರೀ,” ಎಂದ. ಇಂಥವನಿಗೆ ಏನು ಹೇಳುತ್ತೀರಿ?

ಪಾಲಿನ ಅಂಕಿ ಯಜಮಾನರಿಗೆ ಕಾಣುವುದಿಲ್ಲ. ಅವರಿಗೆ ಕಾಣುವುದು ಯಂತ್ರದ ಮೂತಿಯ ಮೇಲಿನ ಹಸಿರು ದೀಪ. ಗಿರಾಕಿ ಹೆಚ್ಚಾದರೆ ಮಿಣಮಿಣ, ಕಡಿಮೆಯಾದರೆ ಮಿಣ್... ಮಿಣ್. ಮೂವರಿಗೂ ಆ ದೀಪ ನೋಡುವ ಚಟ ಹತ್ತಿತು. ಮಗನಿಗೆ ಹೆಣ್ಣು ಕೊಡುವವರು ಸೊರಡಿಗೆ ಬಂದರೆ ಅಪ್ಪಾಸಾಹೇಬರು ಅಡುಗೆಮನೆಗೆ ಹೋಗಿ ಮೆಲ್ಲಗೆ ಫೋನು ಮಾಡುತ್ತಿದ್ದರು. “ಸಲೀಮಾ, ಬೀಗರು ಬಂದ್ ಕುಂತಾರಪಾ. ಲೈಟು ಸ್ವಲ್ಪ ಜೋರ್ ಮಾಡು.” ಇವನು ಎಪಿಐಗೆ ಹುಕುಂ ಕಳಿಸುವನು, ಅಪ್ಪಾಸಾಹೇಬರ ಪಾಲು ಎಪ್ಪತ್ತು. ಬೀಗರು ಚಹಾ ಕುಡಿಯುತ್ತ ಮಿಣಮಿಣ ನೋಡುವರು. ಅವರು ಎದ್ದು ಹೋದ ಮೇಲೆ ಮತ್ತೆ ಇಪ್ಪತ್ತು. ಅಣ್ಣನೂ ಕಡಿಮೆಯವನಲ್ಲ. ಸಾಲಿ ಮಾಸ್ತರರನ್ನು ಮೇಲೆ ಕರೆತಂದು, ಕೆಮ್ಮಿ ಸಲೀಮನಿಗೆ ಸನ್ನೆ ಮಾಡುತ್ತಿದ್ದ.

ಆದರೆ ಕಾಸೀಂಸಾಬರಷ್ಟು ಫೋನು ಯಾರೂ ಮಾಡುತ್ತಿರಲಿಲ್ಲ. ದೀಪ ಒಂದಿಷ್ಟು ನಿಧಾನವಾದರೆ ಸಾಕು, “ಬೇಟಾ, ಲೈಟು ಯಾಕ ಮಂದ ಆತು? ಎಲ್ಲಾ ಬರೋಬರಿ ಐತಿಲ್ಲೋ?” ಎಂದು ಕೇಳುವರು. ಇವನು “ಬರೋಬರಿ ಐತಿ ಮಾಮೂ” ಎಂದು ಹೇಳಿ ಪಾಲು ಏರಿಸುವನು. ಮುದುಕರಿಗೆ ದೊಡ್ಡಸ್ತಿಕೆಯ ಆಸೆ ಎಷ್ಟಿದೆ ನೋಡು ಎಂದು ನಾನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ.

ದಿನದ ವ್ಯಾಪಾರಕ್ಕೆ ಇದೆಲ್ಲ ನಡೆದುಹೋಗುತ್ತಿತ್ತು. ಪೆಟ್ಟು ಬಿದ್ದದ್ದು ಹೋದ ವರ್ಷದ ರಮ್ಜಾನಿನಲ್ಲಿ. ಈದಿನ ಶೀರಖುರ್ಮಾ ಪಾಯಸಕ್ಕೆ ಬೇದಾಣಾ ಬೇಕೇ ಬೇಕು, ಅದೇ ಹೊತ್ತಿಗೆ ನಮ್ಮ ಹೊಸ ಮಾಲೂ ಬರುತ್ತದೆ. ಒಂದು ದಿನ ಬೆಲೆ ಇಳಿಸಿ ದೊಡ್ಡ ಮಾರಾಟ ಇಟ್ಟೆವು. ಪುಣೆ, ಮುಂಬಯಿ, ಸೋಲಾಪುರದಿಂದ ಗಿರಾಕಿಗಳು ಒಮ್ಮೆಲೇ ನುಗ್ಗಿದರು. ಅರ್ಧ ಜನ ಮಾಮೂನ ಯಂತ್ರಕ್ಕೆ ಹೋದರು, ಅದು ಗುರ್ರೆಂದು ಗೋಣು ಚೆಲ್ಲಿತು. ಆ ಸಂಜೆ ನಾನು ತಿಂದ ಬೈಗುಳಕ್ಕೆ ನನ್ನ ಏಳು ತಲೆಮಾರು ಪಾವನವಾಯಿತು.

ಮರುದಿನ ಪಾಲುದಾರರ ಬೈಠಕ್. ಅಪ್ಪಾಸಾಹೇಬರು ಟೇಬಲ್ ಗುದ್ದಿದರು. “ಮುಂದಿನ ರಮ್ಜಾನಕ್ಕೂ ಹಿಂಗ ಆತಂದ್ರ ವೆಬ್‌ಸೈಟು ನಡಸೂ ಕೆಲಸ ಸಾಂಗಲಿ ಕಂಪನಿಗೆ ಕೊಟ್ಟು ಕೈ ತೊಳಕೋಳೋಣು. ಅವರ ಮಂದಿ ಅವರಿಗೆ ಇರ್ತಾರ. ಸಲೀಮಾ, ಬ್ಯಾಸರಾ ಮಾಡ್ಕೋಬ್ಯಾಡಪಾ.”

“ಹೂಂ ರೀ” ಎಂದ ಸಲೀಮ, ತನ್ನ ಕೆಲಸ ತೆಗೆಯುವ ಮಾತಿಗೆ! ಕಾಸೀಂಸಾಬರು ಗಡ್ಡ ಸವರುತ್ತ ಕೂತಿದ್ದರು. ಏಳುವಾಗ ಮಾತ್ರ ಅಳಿಯನ ಭುಜ ಹಿಡಿದುಕೊಂಡು ಎದ್ದರು.

ಆಮೇಲೆ ಸಲೀಮ ವರ್ಷವಿಡೀ ಕೂತು ಒಂದು ಪ್ರೋಗ್ರಾಮು ಬರೆದ. ಅವನ ಮುಲಾಜಿಗೆ ಎಷ್ಟು ಬೈದರೂ ಕೈಗುಣಕ್ಕೆ ಬೈಯುವಂತಿಲ್ಲ. ಆ ಪ್ರೋಗ್ರಾಮು ಮೂರೂ ಯಂತ್ರಗಳನ್ನು ಮೇಲಿಂದ ಮೇಲೆ ಹೋಗಿ ವಿಚಾರಿಸುತ್ತದೆ, ಹೇಗಿದ್ದೀ, ಎಷ್ಟು ಕಾದಿದ್ದೀ, ಉತ್ತರ ಕೊಡಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು. ದಣಿದ ಯಂತ್ರದ ಪಾಲನ್ನು ಎಪಿಐ ಮೂಲಕ ತಾನೇ ಇಳಿಸಿ, ಬಿಡುವಾಗಿರುವ ಯಂತ್ರಕ್ಕೆ ಏರಿಸುತ್ತದೆ. ಮನುಷ್ಯರು ಕೈ ಹಾಕುವ ಗರಜೇ ಇಲ್ಲ. ನನಗೆ ಭಾರೀ ಖುಷಿಯಾಗಿ ಅವನಿಗೆ ಒಂದು ಡಬ್ಬಿ ಶೇಂಗಾ ಉಂಡಿ ಕಟ್ಟಿಕೊಟ್ಟೆ. ತಿನ್ನುತ್ತ ತಿನ್ನುತ್ತ ಅವನೇ ಬಾಯಿ ಬಿಟ್ಟ.

“ಒಂದ್ ಸಣ್ಣ ನಿಯಮ ಹಾಕೀನ್ರಿ ಅಕ್ಕಾರ. ಮಾಮೂನ ಮಷೀನು ಐವತ್ತಕ್ಕಿಂತ ಕೆಳಗ ಇಳಿಸಬಾರದು ಅಂತ.”

ನಾನು ಉಂಡಿಯ ಡಬ್ಬಿ ಕಸಿದುಕೊಂಡೆ. ಎಲಾ ಇವನ! ಮನುಷ್ಯರ ಮುಲಾಜು ಇಲ್ಲದಿರಲಿ ಎಂದೇ ಬರೆದ ಪ್ರೋಗ್ರಾಮಿಗೂ ಮುಲಾಜು ಕಲಿಸಿ ಕೂರಿಸಿದ್ದ. “ಆ ನಿಯಮ ಇವತ್ತ ತಗಿ,” ಎಂದೆ. “ಹೂಂ ರೀ. ಮಾಮೂಗ ಒಂದ್ ಮಾತ ಕೇಳಿ ತಗೀತೀನಿ” ಎಂದ.

ಕೇಳಲು ಶೇಗಾಂವಕ್ಕೆ ಹೋದ. ಅಂಗಡಿಯ ಹತ್ತಿಪ್ಪತ್ತು ಹಿಂಡಿ ಚೀಲ ಹೊತ್ತು ಗಾಡಿಗೆ ಹಾಕಿಕೊಟ್ಟು ಹಾಗೆಯೇ ಬಂದ. ಮತ್ತೊಮ್ಮೆ ಹೋದ. “ಏನ್ ಆತೋ?” ಎಂದರೆ, “ಮಾಮೂ ತಾನ ಮಷೀನು ತೋರಿಸಿ, ನೋಡ್ ಬೇಟಾ ನಿನ್ನ ಕೆಲಸ ಎಷ್ಟ್ ಚಲೋ ನಡದೈತಿ, ಲೈಟು ಹ್ಯಾಂಗ ಮಿಂಚಾಕತ್ತೈತಿ ಅಂದ. ಅಷ್ಟು ಖುಷಿಲೇ ಹೇಳಿದ ಮ್ಯಾಲೆ ನಾ ಹ್ಯಾಂಗ ಬಾಯಿ ತಗೀಲ್ರಿ?” ಎಂದ. ಆರಜೂಗೆ ಫೋನು ಮಾಡಿ ನೀನಾದರೂ ಹೇಳವ್ವಾ ಎಂದೆ. ಅವಳು, “ಅಕ್ಕಾ, ಮೀಸಿನ ಉಳಿಸ್ಕೊಳ್ಳಿಲ್ಲ ಇವರು, ಕೆಲಸ ಉಳಿಸ್ಕೋತಾರೇನ್ರಿ?” ಎಂದು ನಕ್ಕಳು. ಆದರೆ ಫೋನು ಇಡುವ ಮೊದಲು ಅವಳ ದನಿ ಸಣ್ಣಗಾಯಿತು. “ಫಿರದೋಸ ಈಗ ಅಪ್ಪನ ಜೋಡಿನ ಸಾಲಿಗಿ ಹೋಗ್ತಾಳ್ರಿ. ಯಾರ್ ಕರದ್ರೂ ಹೋಗೂದಿಲ್ಲ” ಎಂದಳು.

ಈ ವರ್ಷದ ರಮ್ಜಾನ್ ಬಂತು, ಮಾರಾಟದ ದಿನವೂ ಬಂತು. ಮಧ್ಯಾಹ್ನದ ನಮಾಜು ಮುಗಿದ ಮೇಲೆ ಎರಡು ಗಂಟೆಗೆ ಬೆಲೆ ಇಳಿಸುವುದೆಂದು ಎಲ್ಲರಿಗೂ ತಿಳಿಸಿದ್ದೆವು. ಹೊರಗೆ ಬಿಸಿಲು ಉರಿಯುತ್ತಿತ್ತು. ಅಣ್ಣ ಮತ್ತು ಅಪ್ಪಾಸಾಹೇಬರು ನಮ್ಮ ಬೆನ್ನ ಹಿಂದೆಯೇ ಕುರ್ಚಿ ಹಾಕಿ ಕೂತರು. ಅಪ್ಪಾಸಾಹೇಬರು ಸಾಂಗಲಿ ಕಂಪನಿಯವನ ನಂಬರು ತೆಗೆದು ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಸಲೀಮ ರೋಜಾ ಉಪವಾಸ ಹಿಡಿದವನು, ತುಟಿ ಒಣಗಿತ್ತು. ಅವನ ಎದುರಿಗೇ ಅಣ್ಣ ಗಾಬರಿಯಿಂದ ತಂಬಿಗೆಯ ಮೇಲೆ ತಂಬಿಗೆ ನೀರು ಕುಡಿಯುತ್ತಿದ್ದ, ಮಂಗ್ಯಾ.

ಎರಡು ಹೊಡೆಯಿತು, ಮಂದಿ ನುಗ್ಗಿತು. ಪರದೆಯ ಮೇಲೆ ಮೂರು ಪಟ್ಟಿಗಳು. ಸೊರಡಿಯದು ಹಸಿರು, ಜತ್ತದ್ದು ಹಸಿರು, ಶೇಗಾಂವದ್ದು ಮೊದಲು ಹಳದಿ, ಆಮೇಲೆ ಕೆಂಪು. ಪ್ರೋಗ್ರಾಮು ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಶೇಗಾಂವದ ಯಂತ್ರ ಸೋತಿದೆ, ಪಾಲು ಇಳಿಸು ಎಂದು ಪ್ರತಿ ಸಲ ಹೊರಡುವುದು, ಐವತ್ತರ ನಿಯಮ ಅಡ್ಡ ಬಂದು ತಿರುಗಿ ಬರುವುದು. ನನ್ನ ಫೋನು ಬಡಿದುಕೊಳ್ಳಲು ಶುರುವಾಯಿತು. “ಅಹೋ ತಾಯಿ, ಉಘಡತ ನಾಹೀ!” ತೆರೆಯುತ್ತಲೇ ಇಲ್ಲವಂತೆ. ಪುಣೆಯ ಒಬ್ಬಳು, ಮುಂಬಯಿಯ ಇನ್ನೊಬ್ಬಳು, ಸೋಲಾಪುರದ ಮುದುಕಿ ಒಬ್ಬಳಂತೂ ನನ್ನ ಹೆಸರು ಕೇಳಿ, ಬರೆದುಕೊಂಡು, ಆಮೇಲೆ ಬೈದಳು. ತೆರೆಯದೆ ಸಿಟ್ಟಿಗೆದ್ದವರು ಮತ್ತೆ ಮತ್ತೆ ಒತ್ತಿದರು, ಅದರಿಂದ ಭಾರ ಇನ್ನೂ ಏರಿತು.

“ಸಲೀಮಾ, ಇಳಿಸು!” ಎಂದೆ.

ಸಲೀಮ ನಿಯಮ ತೆಗೆದ. ಎಪಿಐಗೆ ಹುಕುಂ ಕಳಿಸಿದ, ಶೇಗಾಂವ ಮೂವತ್ತು. ‘ಆಯಿತು’ ಎಂದು ಉತ್ತರ ಬಂತು. ಕೆಂಪು ಪಟ್ಟಿ ಹಳದಿಯಾಗತೊಡಗಿತು. ನಾನು ಉಸಿರು ಬಿಡುವಷ್ಟರಲ್ಲಿ ಅವನ ಫೋನು ರಿಂಗಾಯಿತು.

“ಬೇಟಾ, ಮಷೀನಿನ ಸಪ್ಪಳ ಕಮ್ಮಿ ಆತಲ್ಲೋ! ಏನರ ಆತೇನು?”

“ಏನಿಲ್ಲ ಮಾಮೂ, ಈಗ ಸರಿ ಆಗ್ತೈತಿ” ಎಂದವನೇ ಆ ನಿಯಮವನ್ನೂ ತಿರುಗಿ ಹಾಕಿ ಮತ್ತೆ ಐವತ್ತು ಮಾಡಿದ. ನನ್ನ ಕಣ್ಣೆದುರಿಗೆ ಮಾಡಿದ! ಪಟ್ಟಿ ಕೆಂಪಗೆ ಉರಿಯಿತು. ಅಪ್ಪಾಸಾಹೇಬರು ತೊಡೆಯ ಮೇಲಿನ ಫೋನು ಕೈಗೆತ್ತಿಕೊಂಡು, “ಸಾಕಪಾ. ನಾ ಸಾಂಗಲಿಗಿ ಹಚ್ತೀನಿ” ಎಂದರು.

ಆಗ ನನ್ನ ತಲೆ ಕೆಟ್ಟಿತು. ಗಿರಾಕಿಯ ಫೋನನ್ನು ಟೇಬಲ್ಲಿನ ಮೇಲೆ ಒಗೆದು ಎದ್ದು ನಿಂತೆ. ಸಾಂಗಲಿಗೆ ಫೋನು ಹಚ್ಚುತ್ತಿದ್ದ ಅಪ್ಪಾಸಾಹೇಬರೂ ಹೆದರಿ ಕೈ ತಡೆದರು.

“ಏ ಸಲೀಮಾ, ಆ ಡಬ್ಬಿ ನಿಮ್ಮ ಮಾಮೂ ಅಲ್ಲೋ! ಅದಕ್ಕೇನು ಮಾನ ತಿಳಿತೈತಿ, ಅಪಮಾನ ತಿಳಿತೈತಿ? ನಾಳೆ ಪುಣೆದಾಗ ಕುಂತು ಮಗಳ ಮಾರಿ ಫೋನಿನ್ಯಾಗ ನೋಡೂದು ಬೇಕಾಗಿದ್ರ ಹಿಂಗ ಮಾಡು, ಮಾಡು! ಮಾಮೂಗ ಸಿಟ್ಟು ಬರ್ಲಿ, ನಾ ಹೋಗಿ ಅವರ ಕಾಲ ಹಿಡೀತೀನಿ. ಆದ್ರ ಫಿರದೋಸಗ ಏನ್ ಹೇಳ್ತೀ?”

ಸಲೀಮ ನನ್ನ ಮುಖ ನೋಡಿದ. ಹೂಂ ಎನ್ನಲಿಲ್ಲ. ಕಣ್ಣು ಮುಚ್ಚಿ ಬಿಸ್ಮಿಲ್ಲಾ ಎಂದು ಹೇಳಿ, ನಿಯಮ ಅಳಿಸಿ, ಹುಕುಂ ಬರೆದ. ಮೂವತ್ತಲ್ಲ, ಹತ್ತೂ ಅಲ್ಲ. ಶೇಗಾಂವ, ಸೊನ್ನೆ.

‘ಆಯಿತು’ ಎಂದಿತು ಎಪಿಐ. ಯಂತ್ರಕ್ಕೆ ಮುಲಾಜು ಎಲ್ಲಿಯದು? ಹೊಸದಾಗಿ ಬಂದವರೆಲ್ಲ ಸೊರಡಿಗೆ ಮತ್ತು ಜತ್ತಕ್ಕೆ ತಿರುಗಿದರು. ಮೊದಲೇ ಶೇಗಾಂವಕ್ಕೆ ಹೋಗಿದ್ದವರು ಒಬ್ಬೊಬ್ಬರಾಗಿ ಮುಗಿಸಿಕೊಂಡು ಹೊರಬಂದರು. ಅಪ್ಪಾಸಾಹೇಬರ ಹೊಸ ಯಂತ್ರಕ್ಕೆ ಮೊದಲ ಸಲ ಮೈತುಂಬ ಕೆಲಸ ಸಿಕ್ಕಿತು, ಅದು ಸದ್ದಿಲ್ಲದೆ ಎಳೆಯಿತು. ಅಣ್ಣನದೂ ಹಸಿರಿನಲ್ಲೇ ಉಳಿಯಿತು. ನನ್ನ ಫೋನು ನಿಧಾನಕ್ಕೆ ತಣ್ಣಗಾಯಿತು. ಸೋಲಾಪುರದ ಮುದುಕಿ ಮತ್ತೆ ಫೋನು ಮಾಡಿ, ಸಿಕ್ಕಿತು ಎಂದು ಹೇಳಿ, ಬೈದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ ಎಂದಳು. ಪರದೆಯ ಮೇಲೆ ಆರ್ಡರುಗಳು ಸಾಲಾಗಿ ಬೀಳುವುದನ್ನು ನೋಡಿ ಅಪ್ಪಾಸಾಹೇಬರು ಫೋನನ್ನು ಅಂಗಿಯ ಕಿಸೆಗೆ ಹಾಕಿ, “ಸಾಂಗಲಿಯವರು ಅಲ್ಲೇ ಇರ್ಲಿ ಬಿಡು, ಆರಾಮ” ಎಂದರು. ಅಣ್ಣ ಕೊನೆಗೂ ನೀರಿನ ತಂಬಿಗೆ ಕೆಳಗಿಟ್ಟ.

ಕೆಲಸ ಉಳಿಯಿತು. ಆದರೆ ಸಲೀಮನ ಮುಖದಲ್ಲಿ ರಕ್ತವೇ ಇರಲಿಲ್ಲ. ಟೇಬಲ್ಲಿನ ಮೇಲಿದ್ದ ತನ್ನ ಫೋನನ್ನೇ ನೋಡುತ್ತ ಕೂತಿದ್ದ. ಅದು ರಿಂಗಾಯಿತು. ಮಾಮೂ. ಅವನು ಮುಟ್ಟಲಿಲ್ಲ. ರಿಂಗಾಗಿ ನಿಂತಿತು, ಮತ್ತೆ ರಿಂಗಾಯಿತು. ನಾನೇ ಒತ್ತಿ ಸ್ಪೀಕರಿಗೆ ಹಾಕಿದೆ. ಒಬ್ಬನನ್ನೇ ಬೈಗುಳಕ್ಕೆ ಬಿಡಲು ನನಗೆ ಮನಸ್ಸಾಗಲಿಲ್ಲ.

“ಸಲೀಮಾ! ಲೈಟು ಪೂರಾ ಬಂದ್! ಸಪ್ಪಳನೂ ಇಲ್ಲ!” ಕಾಸೀಂಸಾಬರ ದನಿ ನಡುಗುತ್ತಿತ್ತು. “ನೀ ಗಾಬರಿ ಆಗಬ್ಯಾಡ ಬೇಟಾ. ನಾ ಈಗ ಪಿನ್ ಕಿತ್ತಿ ಮತ್ತ ಹಚ್ತೀನಿ. ಚಾಲೂ ಆಗ್ತೈತಿ. ಅಪ್ಪಾಸಾಹೇಬಗ ಹೇಳು, ಸಾಂಗಲಿಗಿ ಫೋನ್ ಹಚ್ಚಬ್ಯಾಡ ಅಂತ ಹೇಳು, ಎರಡ ಮಿನಿಟ...”

“ಬ್ಯಾಡ ಮಾಮೂ.”

ಆ ಮಾತು ಸಲೀಮನ ಬಾಯಿಂದಲೇ ಬಂದದ್ದು ಎಂದು ತಿಳಿಯಲು ನಮಗೆ ಒಂದು ಗಳಿಗೆ ಬೇಕಾಯಿತು.

“ಏನಂದಿ?”

“ಪಿನ್ ಕೀಳಬ್ಯಾಡ್ರಿ, ಹಚ್ಚಬ್ಯಾಡ್ರಿ. ಅದು ಕೆಟ್ಟಿಲ್ಲ. ನಾನ ಸುಮ್ಮ ಕುಂದ್ರಿಸೀನಿ. ನಿಮ್ಮ ಮಷೀನು ಹಳೀದು ಮಾಮೂ, ಅದರ ಕೈಲೆ ಆಗೂದಿಲ್ಲ. ನಿಮ್ಮ ಪಾಲು ಸೊನ್ನಿ ಮಾಡೀನಿ.” ಹೇಳಿ ಮುಗಿಸಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

“ಗಿರಾಕಿ?”

“ಬರಾಕತ್ತಾರ. ಭಾಳ ಮಂದಿ.”

“ನಿನ್ನ ಕೆಲಸ?”

“ಉಳೀತ್ರಿ.”

“ಅಲ್ಹಮ್ದುಲಿಲ್ಲಾ” ಎಂದು ಮುದುಕರು ಉದ್ದಕ್ಕೆ ಉಸಿರು ಬಿಟ್ಟದ್ದು ನಮ್ಮ ಮಾಳಿಗೆಯಲ್ಲೆಲ್ಲ ಕೇಳಿಸಿತು. ಆಮೇಲೆ ಒಮ್ಮೆಲೇ ದನಿ ಏರಿತು. “ಲೇ ಹುಚ್ಚಪ್ಯಾಲಿ! ಇಷ್ಟ ಹೇಳಾಕ ಇಷ್ಟ ದಿನ ಬೇಕಾತೇನು? ಈ ಸುಡಗಾಡ ಡಬ್ಬಿ ಬಂದಾಗಿಂದ ಮಧ್ಯಾಹ್ನ ಒಂದ್ ದಿನ ಕಣ್ಣ ಮುಚ್ಚಿಲ್ಲೋ ನಾನು! ರೋಜಾ ಹಿಡದು, ಈ ಬಿಸಲಾಗ, ಕಿವಿಯಾಗ ಗುರ್ರ್ ಗುರ್ರ್ ಅಂತೈತಿ, ಮೈಗೆಲ್ಲಾ ಝಳ ಹೊಡೀತೈತಿ. ಗಿರಾಕಿ ಮುಂದ ನಿಂತು ಎಷ್ಟ ಕಿಲೋ ಅಂದ್ರ ಕೇಳಸೂದಿಲ್ಲ.”

“ಮತ್ತ ನೀವ ಫೋನ್ ಮಾಡ್ತಿದ್ರಲ್ರೀ ಮಾಮೂ, ಲೈಟು ಮಂದ ಆತು ಅಂತ?”

“ಲೈಟು ಹೋತಂದ್ರ ಗಿರಾಕಿ ಹೋತು, ಗಿರಾಕಿ ಹೋತಂದ್ರ ನಿನ್ನ ಪುಣೆಗಿ ಕಳಸ್ತಾರ ಅಂತ ತಿಳದಿದ್ನಿ. ನನಗೇನ್ ಗೊತ್ತು ಈ ನಿಮ್ಮ ಪಾಲು ಗೀಲು? ಜೀವ ಕೈಯಾಗ ಹಿಡಕೊಂಡು ಅದರ ಮಾರಿ ನೋಡ್ಕೋತ ಕುಂದ್ರತಿದ್ನಿ. ಎತ್ತಿ ಬಾವಿಗಿ ಒಗೀಬೇಕು ಅಂತ ಎಷ್ಟ ಸಲ ಅನಿಸೈತಿ. ಏನ್ ಮಾಡೂದು, ನೀನು ಹಚ್ಚಿದ ಮಷೀನು. ಬ್ಯಾಡ ಅಂದ್ರ ನಿನ್ನ ಮನಸಿಗಿ ನೋವಾಗ್ತೈತಿ ಅಂತ ಸುಮ್ಮ ಇದ್ನಿ.”

ಸಲೀಮನಿಗೆ ಈ ಮುಲಾಜು ಎಲ್ಲಿಂದ ಬಂತು ಎಂದು ಇಷ್ಟು ದಿನ ತಲೆ ಕೆಡಿಸಿಕೊಂಡಿದ್ದೆ, ಈಗ ತಿಳಿಯಿತು. ಬೆಳೆಸಿದವರದೇ ಬಂದಿತ್ತು. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ಚಪ್ಪಲಿಯಿಂದ ನಾಲ್ಕು ಬಿಡಬೇಕೆನಿಸಿತು. ಅದೇ ಹೊತ್ತಿಗೆ ಅಳುವೂ ಬಂತು, ಹಾಳಾದ್ದು. ಸೆರಗಿನಿಂದ ಮುಖ ಒರೆಸಿಕೊಂಡೆ. ನಾನು ಬೆವರು ಒರೆಸಿಕೊಂಡೆ ಎಂದು ಅಣ್ಣ ಇವತ್ತಿಗೂ ತಿಳಿದಿದ್ದಾನೆ.

“ಮಾಮೂ,” ಎಂದ ಸಲೀಮ. ಅವನ ಕಣ್ಣಿಂದ ನೀರು ಧಾರಾಳವಾಗಿ ಹರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. “ನಿಮ್ಮ ಮಾನ ಹೋಗ್ತೈತಿ ಅಂತ ನಾ...”

“ನನ್ನ ಮಾನ ಡಬ್ಬಿಯೊಳಗ ಐತೇನಲೇ? ಮಗಳ ಕೈ ಹಿ‍ಡಕೊಂಡು ನೀ ಅಂಗಡಿ ಮುಂದ ಹಾದು ಹೋಗ್ತಿ, ಸಾಲಿಗಿ. ಅದ ಸಾಕು ನನಗ.” ಆಮೇಲೆ ದನಿ ಇಳಿಸಿ, ಅಳಿಯನ ಅಪ್ಪಣೆ ಕೇಳುವವರ ಹಾಗೆ, “ಹಂಗಾದ್ರ ಈಗ ಅದು ಗುರ್ರ್ ಅನ್ನೂದಿಲ್ಲಲ್ಲ?” ಎಂದು ಕೇಳಿದರು.

“ಇಲ್ಲ ಮಾಮೂ.”

“ನಾ ಸ್ವಲ್ಪ ಅಡ್ಡ ಆಗ್ಲೇನು?”

“ಆಗ್ರಿ.”

ದೊಪ್ಪೆಂದು ಫೋನು ಇಟ್ಟ ಸಪ್ಪಳವಾಯಿತು. ಇಟ್ಟದ್ದು ಹಿಂಡಿ ಚೀಲದ ಮೇಲೆ ಇರಬೇಕು, ಫೋನು ಕಟ್ ಮಾಡುವುದನ್ನು ಮರೆತಿದ್ದರು. ಚಾಪೆ ಹಾಸಿದ್ದು ಕೇಳಿಸಿತು. ಯಾ ಅಲ್ಲಾ ಎಂದು ಸೊಂಟ ನೆಟ್ಟಗೆ ಮಾಡಿದ್ದು ಕೇಳಿಸಿತು. ಆಮೇಲೆ ಶೇಗಾಂವದಿಂದ ಒಂದು ಗೊರಕೆ ಎದ್ದು ಬಂತು, ಅದರ ಹಿಂದೆ ಇನ್ನೊಂದು. ನಮ್ಮ ಆಫೀಸು ಅದರಿಂದ ತುಂಬಿಹೋಯಿತು.

ಅಪ್ಪಾಸಾಹೇಬರು ನಗುತ್ತ, ಸ್ಪೀಕರು ಬಂದ್ ಮಾಡಲು ಕೈ ಚಾಚಿದರು.

“ಬ್ಯಾಡ್ರಿ, ಸಾಹೇಬ್ರ,” ಎಂದ ಸಲೀಮ. “ಇರ್ಲಿ.”